ಲ್ಯಾಪ್‌ಟಾಪ್‌ಗೆ ಪುಟಾಣಿ ಎಸ್‌ಎಸ್‌ಡಿ ಕೂರಿಸೋದು ಹೀಗೆ

2230 ಎಸ್‌ಎಸ್‌ಡಿ (ಫೈಲ್, ವಿಂಡೋಸ್ ಎಲ್ಲಾ ಕೂತಿರೋ ಸ್ಟೋರೇಜ್ ಡ್ರೈವ್) ಅಂದ್ರೆ 22 ಮಿಮೀ ಅಗಲ, 30 ಮಿಮೀ ಉದ್ದ, ಆದ್ರೆ ಸುಮಾರು ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂ ಹಾಕೋ ಜಾಗ ಇರೋದು 80 ಮಿಮೀ ದೂರದಲ್ಲಿ, ಸುಮ್ನೆ ಸಿಕ್ಕಿಸಿ ಬಿಟ್ರೆ ಹಿಂಬದಿ ಮೇಲಕ್ಕೆದ್ದು ನಿಲ್ಲುತ್ತೆ. ಅದಕ್ಕೇ 2280 ಅಡಾಪ್ಟರ್ (ಒಟ್ಟು ಉದ್ದನ 80 ಮಿಮೀಗೆ ತರೋದು) ಬೇಕು, ಬರೀ ಒಂದು ಉದ್ದನೆ ಪಟ್ಟಿ ಅಷ್ಟೆ, ಸರ್ಕ್ಯೂಟ್ ಗಿರ್ಕ್ಯೂಟ್ ಏನಿಲ್ಲ.

ಮೊದ್ಲು ಬ್ಯಾಕಪ್ ತಗೊಳ್ಳಿ, ಬಿಟ್‌ಲಾಕರ್ (ವಿಂಡೋಸ್‌ನಲ್ಲಿ ಡ್ರೈವ್ ಲಾಕ್ ಮಾಡೋ ಸೌಲಭ್ಯ) ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಳ್ಳಿ. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಕೆಳಗಿನ ಕವರ್ ಬಿಚ್ಚಿ ಬ್ಯಾಟರಿ ಕನೆಕ್ಟರ್ ತೆಗೀರಿ. ಎಸ್‌ಎಸ್‌ಡಿನ ಪಟ್ಟಿಗೆ ಹೊರಗಡೆನೇ ಜೋಡಿಸ್ಕೊಳ್ಳಿ (ಆ ಸ್ಕ್ರೂ ಸಾಸಿವೆ ಕಾಳಿನಷ್ಟಿರುತ್ತೆ, ಬಿದ್ರೆ ಹುಡುಕೋದೇ ಕೆಲಸ), ಆಮೇಲೆ ಸ್ಲಾಟ್‌ಗೆ ಸ್ವಲ್ಪ ಓರೆಯಾಗಿ ತಳ್ಳಿ, ಪೂರ್ತಿ ಕೂತ್ಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಹಾಕಿ, ಜಾಸ್ತಿ ಬಿಗಿ ಬೇಡ. ಬ್ಯಾಟರಿ ವಾಪಸ್ ಹಾಕಿ ಆನ್ ಮಾಡಿ, ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದ್ಲು ತೆರೆಯೋ ಸೆಟ್ಟಿಂಗ್ಸ್) ಡ್ರೈವ್ ಹೆಸರು ಕಾಣ್ಸಿದ್ರೆ ಪೆನ್‌ಡ್ರೈವಿಂದ ವಿಂಡೋಸ್ ಹಾಕ್ಕೊಳ್ಳಿ.