ಕೊಪ್ಪಳದಿಂದ ಹೋಗಿ ಬೆಂಗಳೂರಾಗ ಇಳಿದೋರು ಮೆಜೆಸ್ಟಿಕ್ ಮೆಟ್ರೋ ಹೆಂಗ ಹತ್ತಬೇಕು

ದೀಪಾವಳಿ ಆದ ಮ್ಯಾಲೆ ನಮ್ಮ ದೊಡ್ಡವ್ವನ್ನ ಎದಿ ತೋರ್ಸಾಕ ಅಂತ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದೆ, ಕೊಪ್ಪಳದಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ವಿ, ಬೆಳಗ್ಗೆ ಅಲ್ಲಿ. ಅದಕ್ಕ ಮೊದಲಿನ ಸಲ ಹೋದಾಗ ಸ್ಟೇಷನ್ ಬಾಗಲದಾಗ ಒಬ್ಬ ಆಟೋದಾವ ಜಯದೇವ ಹೃದ್ರೋಗ ಆಸ್ಪತ್ರೆಗೆ ಆರುನೂರು ಕೇಳಿದ್ದ, ಬ್ಯಾರೆ ದಾರಿ ಗೊತ್ತಿರಲಿಲ್ಲ, ಕೊಟ್ಟೆ. ಈ ಸಲ ಮೆಟ್ರೋದಾಗ ಹೋದ್ವಿ, ದೊಡ್ಡವ್ವ ಎಪ್ಪತ್ತು ದಾಟ್ಯಾಳ, ಆಕಿನೂ ಆರಾಮಾಗಿ ಬಂದ್ಲು. ಊರಿಗೆ ಬಂದ ಮ್ಯಾಲೆ ಓಣಿ ಮಂದಿ ಒಬ್ಬೊಬ್ರೇ ಬಂದು ಕೇಳಾಕ ಹತ್ತಿದ್ರು, ಅದಕ್ಕ ಎಲ್ಲಾ ಒಂದ ಕಡೆ ಬರ್ದು ಇಡ್ತೀನಿ. ರಾಯಚೂರು, ಬಳ್ಳಾರಿ ಮಂದಿಗೂ ಇದ ದಾರಿ.

ಮೊದಲು ಎಲ್ಲಿ ಇಳೀಬೇಕು ಅನ್ನೋದು. ಹಂಪಿ ಇರ್ಲಿ, ರಾಯಚೂರಿಂದ ಬರೋ ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್ ಇರ್ಲಿ, ಯಲಹಂಕ ಬಂದ ಕೂಡ್ಲೆ ಅರ್ಧ ಡಬ್ಬಿ ಎದ್ದು ಬ್ಯಾಗ್ ಇಳಿಸ್ತೈತಿ, ನೀವು ಏಳಬ್ಯಾಡ್ರಿ. ಕಂಟೋನ್ಮೆಂಟ್‌ನಾಗೂ ಇಳೀಬ್ಯಾಡ್ರಿ. ಅದು ಬೆಂಗಳೂರಿನ ಹಳೇ ಸ್ಟೇಷನ್ ಖರೆ, 1864ರಾಗ ಜೋಲಾರಪೇಟೆಯಿಂದ ರೈಲು ಮೊದಲು ಬಂದಿದ್ದು ಅಲ್ಲಿಗೇ, ನಮ್ಮ ರಾಯಚೂರಿಗೆ ಮುಂಬೈ ಕಡಿ ಲೈನೂ ಮದ್ರಾಸ್ ಕಡಿ ಲೈನೂ ಬಂದು ಕೂಡಿದ್ದು 1871ರಾಗ, ಅಂದ್ರ ಏಳು ವರ್ಷ ಆದ ಮ್ಯಾಲೆ. ಆದ್ರ ಇಷ್ಟು ಹಳೇ ಸ್ಟೇಷನ್ ಆಗಿದ್ರೂ ನಾನು ಇದನ್ನ ಬರಿಯೋ ಹೊತ್ತಿಗೆ ಅಲ್ಲಿ ಮೆಟ್ರೋ ಶುರು ಆಗಿಲ್ಲ. ಸುಮ್ನ ಕುಂತು ಕಡೀಕ ಸಿಟಿ ಸ್ಟೇಷನ್‌ಗೇ ಇಳೀರಿ, ಅಂದ್ರ ಈಗಿನ ಸಂಗೊಳ್ಳಿ ರಾಯಣ್ಣ ಸ್ಟೇಷನ್.

ಇಲ್ಲೊಂದು ಗೊಂದಲ ಐತಿ, ಭಾಳ ಮಂದಿ ತಪ್ಪೋದು ಇಲ್ಲೇ. ಮೆಟ್ರೋದಾಗ ಅಕ್ಕಪಕ್ಕ ಎರಡು ಸ್ಟೇಷನ್ ಅದಾವ. ಒಂದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಅಂತ, ಅದು ಪರ್ಪಲ್, ಅಂದ್ರ ನೇರಳೆ ಬಣ್ಣದ ಲೈನಿಗೆ ಅಷ್ಟ. ಇನ್ನೊಂದು ನಾಡಪ್ರಭು ಕೆಂಪೇಗೌಡ ನಿಲ್ದಾಣ ಮೆಜೆಸ್ಟಿಕ್, ಅಲ್ಲಿ ಪರ್ಪಲ್ಲೂ ಗ್ರೀನೂ ಎರಡೂ ಸಿಗ್ತಾವ. ಕೆಂಪೇಗೌಡ ಬಸ್ ಸ್ಟ್ಯಾಂಡ್ ಅಂತ ಬ್ಯಾರೆ ಐತಿ, ಕೆಂಪೇಗೌಡ ಏರ್‌ಪೋರ್ಟ್ ಅಂತ ದೇವನಹಳ್ಳಿ ಕಡೆ ಇನ್ನೂ ಬ್ಯಾರೆ ಐತಿ. ಯಾರನ್ನಾದ್ರೂ ದಾರಿ ಕೇಳೋವಾಗ ಬರೇ ಕೆಂಪೇಗೌಡ ಅನಬ್ಯಾಡ್ರಿ, ಮೆಜೆಸ್ಟಿಕ್ ಮೆಟ್ರೋ ಅಂತ ಕೇಳ್ರಿ. ರೈಲು ಇಳಿದು ಒಂದನೇ ಪ್ಲಾಟ್‌ಫಾರ್ಮ್ ಕಡೆ, ಅಂದ್ರ ಮುಂದಿನ ಬಾಗಲಕ್ಕ ಬಂದು, ಬಸ್ ಸ್ಟ್ಯಾಂಡಿಗೆ ಹೋಗೋ ಸಬ್‌ವೇ ಕಡೆ ನಡೀರಿ, ಮೆಟ್ರೋ ಬೋರ್ಡ್ ಕಾಣ್ತೈತಿ. ಬಾಗಲದಾಗ ನಿಂತು ಎಲ್ಲಿಗೆ ಸಾರ್ ಎಲ್ಲಿಗೆ ಮೇಡಂ ಅನ್ನೋರಿಗೆ ಉತ್ತರ ಕೊಡಾಕ ನಿಂದ್ರಬ್ಯಾಡ್ರಿ, ನಿಂತ್ರ ಹತ್ತು ಮಂದಿ ಸುತ್ತ ಕೂಡ್ತಾರ.

ಭಾನುವಾರದ ಮಾತು ನೆನಪಿಟ್ಕೊಳ್ರಿ. ಉಳಿದ ದಿನ ಮೆಟ್ರೋ ಬೆಳಗ್ಗೆ 5ರ ಸುಮಾರಿಗೆ ಶುರು ಆಗ್ತೈತಿ, ಭಾನುವಾರ ಮಾತ್ರ 7ಕ್ಕ. ನಮ್ಮ ಗಾಡಿ ಮುಂಚೆ ಮುಟ್ಟಿದ್ರ ಸ್ಟೇಷನ್‌ನಾಗ ಮಾರಿ ತೊಳ್ಕೊಂಡು ಚಾ ಕುಡದು ಕುಂದ್ರಬೇಕು.

ಈಗ ನೀವು ನಿಂತ ಜಾಗದ ಬಗ್ಗೆ ಒಂದೀಟು ಹೇಳ್ತೀನಿ, ಇದು ಗೊತ್ತಿದ್ರ ಆ ಗದ್ದಲದಾಗೂ ನಮಗ ಏನೋ ಒಂದು ಹಿಡಿತ ಸಿಗ್ತೈತಿ. ಆ ಬಸ್ ಸ್ಟ್ಯಾಂಡ್ ಇರೋ ಜಾಗ ಒಂದು ಕೆರಿ ಅಂಗಳ. ಧರ್ಮಾಂಬುಧಿ ಕೆರಿ ಅಂತ ಹೆಸರು, 1537ರಾಗ ಬೆಂಗಳೂರು ಕಟ್ಟಿದ ಕೆಂಪೇಗೌಡರ ಕಾಲದ್ದು, ಊರಿಗೆಲ್ಲಾ ನೀರು ಕೊಡ್ತಿತ್ತು. 1890ರ ದಶಕದಾಗ ಹೆಸರಘಟ್ಟದಿಂದ ಪೈಪಿನಾಗ ನೀರು ಬಂತು, ಆಮ್ಯಾಲೆ ಈ ಕೆರಿ ಕಡೆ ನೋಡೋರು ಕಡಿಮಿ ಆದ್ರು, ಬತ್ತಿತು, ಮೈದಾನ ಆತು, ಕಡೀಕ ಬಸ್ ಸ್ಟ್ಯಾಂಡ್ ಆತು. ಮೆಜೆಸ್ಟಿಕ್ ಅನ್ನೋ ಹೆಸರು ಬಂದಿದ್ದು ಅಲ್ಲಿದ್ದ ಒಂದು ಸಿನಿಮಾ ಟಾಕೀಸಿಂದ. ಟಾಕೀಸ್ ಹೋತು, ಕೆರಿ ಹೋತು, ಹೆಸರು ಮಾತ್ರ ಉಳೀತು. ಕೆರಿ ಕಟ್ಟಿಸಿದ ಕೆಂಪೇಗೌಡರ ಹೆಸರು ಅದ ಮಣ್ಣಿನ ಕೆಳಗಿನ ಸ್ಟೇಷನ್ನಿಗೆ ಬಂದಿದ್ದು ನನಗ ಭಾಳ ಸೇರ್ತು.

ನೆಲದ ಕೆಳಗ ಸುರಂಗ ಕೊರೆಯೋದು ಸಣ್ಣ ಕೆಲಸ ಆಗಿರಲಿಲ್ಲ. ಬೆಂಗಳೂರಿನ ಕೆಳಗೂ ನಮ್ಮ ಬಳ್ಳಾರಿ, ಕೊಪ್ಪಳ ಗುಡ್ಡದಂಗ ಗಟ್ಟಿ ಕಲ್ಲೇ, ಒಂದ್ಕಡಿ ಬಂಡಿ ಇನ್ನೊಂದ್ಕಡಿ ಸಡಿಲ ಮಣ್ಣು, ಹಿಂಗ ಕಲಸಿರೋದ್ರಿಂದ ಕೊರೆಯೋ ಯಂತ್ರ ಮತ್ತ ಮತ್ತ ನಿಂತು ಕೆಲಸ ವರ್ಷಗಟ್ಟಲೆ ತಡ ಆತು. ಚಿಕ್ಕಪೇಟೆ ಕಡೆಯಿಂದ ಮೆಜೆಸ್ಟಿಕ್‌ಗೆ ಬಂದ ಎರಡು ಯಂತ್ರಕ್ಕ ಗೋದಾವರಿ, ಕೃಷ್ಣಾ ಅಂತ ಹೆಸರಿಟ್ಟಿದ್ರು, 2016ರಾಗ ಅವು ಹೊರಗ ಬಂದ್ವು. ರಾಯಚೂರಿನ ಮಂದಿ ಆ ಗ್ರೀನ್ ಲೈನಿನಾಗ ಹೋಗೋವಾಗ ನಮ್ಮ ಹೊಳಿ ಹೆಸರಿನ ಯಂತ್ರ ಕೊರೆದ ದಾರಿ ಇದು ಅಂತ ಮಕ್ಕಳಿಗೆ ಹೇಳ್ರಿ.

ಹಳಬರು ಹೇಳೋ ದಾರಿ ಯಾಕ ತಪ್ಪಾಗ್ತೈತಿ ಅಂದ್ರ ಈ ಮೆಟ್ರೋ ತುಂಡು ತುಂಡಾಗಿ ಶುರು ಆಗೈತಿ. 2011ರ ಅಕ್ಟೋಬರ್ 20ಕ್ಕ ಬೈಯಪ್ಪನಹಳ್ಳಿಯಿಂದ ಎಂಜಿ ರೋಡ್ ತನಕ ಆರ ಸ್ಟೇಷನ್ ಇದ್ವು, ನಮ್ಮಂಥೋರಿಗೆ ಅದ್ರಿಂದ ಏನೂ ಉಪಯೋಗ ಇರಲಿಲ್ಲ. ಮೆಜೆಸ್ಟಿಕ್ ತೆರೆದಿದ್ದು 2016ರ ಏಪ್ರಿಲ್ ಕಡೀಕ, ಅದೂ ಪರ್ಪಲ್ ಅಷ್ಟ, ಗ್ರೀನ್ ಕೂಡಿದ್ದು 2017ರ ಜೂನ್‌ನಾಗ. ಹಿಂಗಾಗಿ ಹತ್ತು ವರ್ಷದ ಹಿಂದ ಹೋಗಿ ಬಂದ ಮಾವನೋರು ಸಂಪಿಗೆ ರೋಡಿಗೆ ನಡ್ಕೊಂಡು ಹೋಗಿ ಹತ್ತು ಅಂದ್ರ ಅವರು ಸುಳ್ಳು ಹೇಳಾಕತ್ತಿಲ್ಲ, ಆಗ ಹಂಗ ಇತ್ತು. ಈಗ ಮೆಜೆಸ್ಟಿಕ್‌ನಾಗೇ ಎಲ್ಲಾ ಆಗ್ತೈತಿ.

ಒಳಗ ಹೋದ ಮ್ಯಾಲೆ ಟಿಕೆಟ್. ಕೌಂಟರ್‌ನಾಗ ರೊಕ್ಕ ಕೊಟ್ರ ಟೋಕನ್ ಕೊಡ್ತಾರ, ಗುಂಡಗ ಇರ್ತೈತಿ. ಒಳಗ ಹೋಗೋವಾಗ ಅದನ್ನ ಗೇಟಿನ ಮ್ಯಾಲೆ ಮುಟ್ಟಿಸಬೇಕು, ಹಾಕಬಾರದು, ಹೊರಗ ಬರೋವಾಗ ಮಾತ್ರ ಸೀಳಿನಾಗ ಹಾಕಬೇಕು, ಅಲ್ಲಿ ತನಕ ಕಳೀಬ್ಯಾಡ್ರಿ, ವಯಸ್ಸಾದೋರ ಟೋಕನ್ ನೀವ ಇಟ್ಕೊಂಡು ಗೇಟಿನ ಹತ್ರ ಕೈಗೆ ಕೊಡ್ರಿ. ಫೋನ್ ಬಳಸೋರು ವಾಟ್ಸಾಪ್‌ನಾಗೋ ನಮ್ಮ ಮೆಟ್ರೋ ಆಪ್‌ನಾಗೋ ಕ್ಯೂಆರ್ ಟಿಕೆಟ್ ತಗೋಬಹುದು, ಕ್ಯೂ ತಪ್ಪತೈತಿ, ಆದ್ರ ರಾತ್ರಿಯೆಲ್ಲಾ ರೈಲಿನಾಗ ಫೋನ್ ನೋಡಿ ಬೆಳಗ್ಗೆ ಬ್ಯಾಟರಿ ಸತ್ರ ಗೇಟ್ ತೆರೆಯಂಗಿಲ್ಲ, ಅದನ್ನ ವಿಚಾರ ಮಾಡ್ರಿ. 2025ರ ಫೆಬ್ರವರಿಯಾಗ ರೇಟ್ ಏರಿಸಿದ್ರು, ಕಡಿಮಿ ಅಂದ್ರ 10, ಹೆಚ್ಚಂದ್ರ 90 ರೂಪಾಯಿ ಮಾಡಿದ್ರು. ಏರಿದ್ದು ಭಾಳ ಆತು ಅಂತ ನನಗೂ ಸಿಟ್ಟೈತಿ, ದಿನಾ ಓಡಾಡೋರಿಗೆ ಅದು ಹೊರಿ, ಆದ್ರೂ ದವಾಖಾನಿಗೆ ಒಂದ್ಸಲ ಹೋಗಿ ಬರೋ ನಮಗ ಆಟೋಕ್ಕಿಂತ ಎಷ್ಟೋ ಪಾಲು ಅಗ್ಗ.

ಆಮ್ಯಾಲೆ ಚೆಕಿಂಗ್. ಚೀಲ ಎಲ್ಲಾ ಮಷೀನಿನಾಗ ಹಾಕಬೇಕು, ಹೆಣ್ಮಕ್ಕಳಿಗೆ ಬ್ಯಾರೆ ಸಾಲು. ರೊಟ್ಟಿ ಗಂಟು, ಶೇಂಗಾ ಚಟ್ನಿ ಒಯ್ಯಾಕ ಏನೂ ಅನ್ನಂಗಿಲ್ಲ, ಆದ್ರ ಒಳಗ ಬಿಚ್ಚಿ ತಿನ್ನಂಗಿಲ್ಲ. ಚಾಕು, ಈಳಿಗಿ, ಕುಡಗೋಲು, ಕಡ್ಡಿಪೆಟ್ಟಿಗಿ ಇಂಥಾವು ಊರಾಗೇ ಬಿಟ್ಟು ಬರ್ರಿ, ಮಗಳ ಮನಿಗೆ ಈಳಿಗಿ ಒಯ್ಯೋ ಪದ್ಧತಿ ನಮ್ಮಲ್ಲಿ ಐತಿ, ಅಲ್ಲಿ ತಡೀತಾರ. ಮೂಟಿ ದೊಡ್ಡದಿದ್ರ ಲಗೇಜ್ ಟಿಕೆಟ್ ಬ್ಯಾರೆ ಕೇಳ್ತಾರ, ಜ್ವಾಳದ ಚೀಲ ಹೊತ್ಕೊಂಡು ಹೋಗೋರು ಬಸ್ಸಿನಾಗೇ ಹೋಗೋದು ಚಲೋ. ಎಲಿ ಅಡಿಕಿ, ತಂಬಾಕು ಬಾಯಾಗಿದ್ರ ಹೊರಗೇ ಉಗುಳಿ ತೊಳ್ಕೊಂಡು ಬರ್ರಿ, ದಂಡ ಹಾಕ್ತಾರ, ಅದಕ್ಕಿಂತ ಅಷ್ಟು ಸ್ವಚ್ಛ ಇಟ್ಟಿರೋ ಜಾಗ ನಾವು ಹೊಲಸು ಮಾಡಬಾರದು.

ಮೆಜೆಸ್ಟಿಕ್‌ನಾಗ ಪರ್ಪಲ್ ಲೈನ್ ಮ್ಯಾಲಿನ ಅಂತಸ್ತು, ಗ್ರೀನ್ ಲೈನ್ ಅದರ ಕೆಳಗ. ಬಣ್ಣ ನೋಡ್ಕೊಂತ ಹೋದ್ರ ಸಾಕು. ಬಣ್ಣದ ಜೋಡಿ ಇನ್ನೊಂದು ನೋಡಬೇಕು, ಗಾಡಿ ಕಡೀಕ ಎಲ್ಲಿ ನಿಂದ್ರತೈತಿ ಅನ್ನೋದು, ಇದ್ನ ನೋಡದ ಹತ್ತಿದ್ರ ಉಲ್ಟಾ ಹೋಗ್ತೀರಿ. ಪರ್ಪಲ್‌ಗೆ ಒಂದ್ಕಡಿ ವೈಟ್‌ಫೀಲ್ಡ್ ಕಾಡುಗೋಡಿ, ಇನ್ನೊಂದ್ಕಡಿ ಚಲ್ಲಘಟ್ಟ. ಗ್ರೀನ್‌ಗೆ ಒಂದ್ಕಡಿ ಮಾದಾವರ, ಇನ್ನೊಂದ್ಕಡಿ ರೇಷ್ಮೆ ಸಂಸ್ಥೆ. ಎಸ್ಕಲೇಟರ್ ಮ್ಯಾಲೆ ದೊಡ್ಡವ್ವನಂಥೋರನ್ನ ಒತ್ತಾಯ ಮಾಡಿ ಹತ್ತಸಬ್ಯಾಡ್ರಿ, ಇಳಕಲ್ ಸೀರಿ ಸೆರಗು, ನಿರಿಗಿ ಸಿಗಬೀಳ್ತಾವ, ಲಿಫ್ಟ್ ಐತಿ, ಸ್ವಲ್ಪ ಹುಡುಕಬೇಕಾಗ್ತೈತಿ ಅಷ್ಟ, ಅಲ್ಲಿರೋ ಸೆಕ್ಯೂರಿಟಿ ಹೆಣ್ಮಕ್ಕಳನ್ನ ಕೇಳಿದ್ರ ಚಲೋ ಹೇಳ್ತಾರ. ಪ್ಲಾಟ್‌ಫಾರ್ಮ್‌ನಾಗ ಹಳದಿ ಗೆರಿ ದಾಟಬ್ಯಾಡ್ರಿ. ನಮ್ಮ ಕೊಪ್ಪಳ ಸ್ಟೇಷನ್‌ನಾಗ ಹಳಿ ದಾಟಿ ಆಚೀಕ ಹೋಗೋ ರೂಢಿ ಕೆಲವರಿಗೈತಿ (ಅಲ್ಲೂ ಅದು ತಪ್ಪೇ), ಇಲ್ಲಿ ಮಾತ್ರ ಕನಸಿನಾಗೂ ಬ್ಯಾಡ, ಯಾಕಂದ್ರ ಇಲ್ಲಿ ಕರೆಂಟ್ ಮ್ಯಾಲಿನ ವೈರಿನಾಗಿಲ್ಲ, ಹಳಿ ಮಗ್ಗಲಕ್ಕ ಇರೋ ಮೂರನೇ ಹಳಿಯಾಗ 750 ವೋಲ್ಟ್ ಹರೀತೈತಿ. ಚಪ್ಪಲಿ ಬೀಳ್ಲಿ, ಫೋನ್ ಬೀಳ್ಲಿ, ಇಳೀಬ್ಯಾಡ್ರಿ, ಸಿಬ್ಬಂದಿನ ಕರೀರಿ.

ಗಾಡಿ ಬಂದ ಮ್ಯಾಲೆ ಇಳಿಯೋರಿಗೆ ಬಿಟ್ಟು ಹತ್ತರಿ, ಮುಂದಿನ ಡಬ್ಬಿ ಹೆಣ್ಮಕ್ಕಳದು. ಒಳಗ ಕನ್ನಡದಾಗ ಮುಂದಿನ ನಿಲ್ದಾಣ ಅಂತ ಹೇಳೋ ದನಿ ಕೇಳ್ತೈತಿ, ವರ್ಷಗಟ್ಟಲೆ ಅದು ಅಪರ್ಣಾ ಅವರ ದನಿ, ಟಿವಿಯಾಗ ನಿರೂಪಣೆ ಮಾಡ್ತಿದ್ರಲ್ಲ ಅವರು, 2024ರ ಜುಲೈನಾಗ ತೀರಿಕೊಂಡ್ರು. ಓದಾಕ ಬರದ ನಮ್ಮ ದೊಡ್ಡವ್ವನಂಥ ಮಂದಿಗೆ ಆ ಸ್ಪಷ್ಟ ಕನ್ನಡನೇ ಬೋರ್ಡ್ ಇದ್ದಂಗ. ಬಾಗಲು ಎಡಕ್ಕೋ ಬಲಕ್ಕೋ ಅನ್ನೋದೂ ಹೇಳ್ತಾರ, ಕಿವಿ ಕೊಟ್ಟು ಕೇಳ್ರಿ.

ಈಗ ನಮ್ಮ ಮಂದಿ ಹೋಗೋ ಜಾಗ. ಜಯದೇವ ಹೃದ್ರೋಗ ಆಸ್ಪತ್ರೆಗೆ ಗ್ರೀನ್‌ನಾಗ ರೇಷ್ಮೆ ಸಂಸ್ಥೆ ಕಡೆ ಹೋಗೋದು ಹತ್ತಿ ಏಳನೇ ಸ್ಟೇಷನ್ ಆರ್‌ವಿ ರೋಡಿಗೆ ಇಳೀರಿ, ಹೊರಗ ಬರಬ್ಯಾಡ್ರಿ, ಒಳಗಿಂದ ಒಳಗ ಹಳದಿ ಲೈನಿಗೆ ಹೋಗ್ರಿ, ಅಲ್ಲಿಂದ ರಾಗಿಗುಡ್ಡ ಬಿಟ್ಟು ಮುಂದಿನದು ಜಯದೇವ. ಈ ಹಳದಿ ಲೈನ್ 2025ರ ಆಗಸ್ಟ್‌ನಾಗ ಶುರು ಆಗಿದ್ದು, 16 ಸ್ಟೇಷನ್, ಬೊಮ್ಮಸಂದ್ರ ತನಕ. ಶುರುವಿಗೆ 25 ನಿಮಿಷಕ್ಕೊಂದು ಗಾಡಿ ಇತ್ತು, ಅಪಾಯಿಂಟ್‌ಮೆಂಟ್ ಟೈಮಿಗೆ ಅರ್ಧ ತಾಸು ಹೆಚ್ಚಿಗೇ ಇಟ್ಕೊಂಡು ಹೊಂಡ್ರಿ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗೆ ಅದ ಗ್ರೀನ್‌ನಾಗ ಎರಡನೇದು ಕೆಆರ್ ಮಾರ್ಕೆಟ್. ವೈಟ್‌ಫೀಲ್ಡ್ ಕಡಿ ಸತ್ಯಸಾಯಿ ಆಸ್ಪತ್ರೆಗೆ ಹೋಗೋರಿಗೆ ಪರ್ಪಲ್‌ನಾಗ ಅದ ಹೆಸರಿನ ಸ್ಟೇಷನ್ ಐತಿ, 2023ಕ್ಕಿಂತ ಮೊದಲು ಅಲ್ಲಿಗೆ ಹೋಗಾಕ ಬಸ್ಸಿನಾಗ ಅರ್ಧ ದಿನ ಹೋಗ್ತಿತ್ತು. ಕೆಪಿಎಸ್‌ಸಿ ಕೆಲಸಕ್ಕ, ಸಚಿವಾಲಯಕ್ಕ ಅಂತ ಓಡಾಡೋ ಹುಡುಗ್ರಿಗೆ ಪರ್ಪಲ್‌ನಾಗ ವೈಟ್‌ಫೀಲ್ಡ್ ಕಡೆ ಎರಡನೇದು, ಅಂಬೇಡ್ಕರ್ ವಿಧಾನಸೌಧ.

ಬಸ್ಸಿನಾಗ ಬರೋರಿಗೆ ಇನ್ನೂ ಒಂದು ಚಲೋ ದಾರಿ. ಬಳ್ಳಾರಿಯಿಂದ ಹಿರಿಯೂರು, ತುಮಕೂರು ಮ್ಯಾಲೆ ಹಾದು ಬರೋ ಬಸ್ಸು ನೆಲಮಂಗಲ ದಾಟಿದ ಕೂಡ್ಲೆ ಟ್ರಾಫಿಕ್‌ನಾಗ ಸಿಕ್ಕೊಂಡು ಮೆಜೆಸ್ಟಿಕ್ ಮುಟ್ಟಾಕ ಒಂದು ತಾಸು ತಗೋತೈತಿ. ಗ್ರೀನ್ ಲೈನ್ ಆ ರೋಡಿನ ಮ್ಯಾಲೇ ಐತಿ, 2024ರ ನವೆಂಬರ್‌ನಿಂದ ಮಾದಾವರ ತನಕ ಬರ್ತೈತಿ. ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ, ಎಲ್ಲಿ ಬಸ್ ನಿಂದ್ರತೈತಿ ಅಂತ ಕಂಡಕ್ಟರ್‌ಗೆ ಮೊದಲೇ ಹೇಳಿ ಅಲ್ಲೇ ಇಳಿದು ಮೆಟ್ರೋ ಹತ್ತರಿ. ನಿಮ್ಮ ರೈಲು ಯಶವಂತಪುರಕ್ಕ ಹೋಗೋದಿದ್ರೂ ಹಂಗ, ಅಲ್ಲೇ ಗ್ರೀನ್ ಐತಿ.

ವಾಪಸ್ ಬರೋವಾಗ ಹಂಪಿ ರಾತ್ರಿ ಹೊರಡ್ತೈತಿ, ಸಂಜಿ ಆರರಿಂದ ಎಂಟರ ತನಕ ಮೆಜೆಸ್ಟಿಕ್ ಒಳಗ ಕಾಲಿಡಾಕ ಜಾಗ ಇರಂಗಿಲ್ಲ, ಪೇಷಂಟ್ ಜೋಡಿ ಇದ್ರ ಐದಕ್ಕೇ ಬಂದುಬಿಡ್ರಿ. ನಾವು ಸ್ಮಾರ್ಟ್ ಕಾರ್ಡ್ ತಗೊಂಡಿದ್ವಿ, ಟಿಕೆಟಿನಾಗ ಐದು ಪರ್ಸೆಂಟ್ ಕಡಿಮಿ ಆಗ್ತೈತಿ, ಒಂದು ಕಾರ್ಡಿನಾಗ ಒಬ್ಬರೇ ಹೋಗಬೇಕು, ಇಬ್ಬರಿಗೆ ನಡೆಯಂಗಿಲ್ಲ. ದೊಡ್ಡವ್ವನ ಕಾರ್ಡ್ ಈಗ ದೇವರ ಜಗಲಿ ಮ್ಯಾಲೆ ಕುಂಕುಮದ ಡಬ್ಬಿ ಕೆಳಗ ಇಟ್ಟಾಳ, ನಮ್ಮ ಓಣಿಯಾಗ ಯಾರು ಬೆಂಗಳೂರಿಗೆ ಹೊಂಟ್ರೂ ಬಂದು ಇಸ್ಕೊಂಡು ಹೋಗ್ತಾರ, ತಿರುಗಿ ಕೊಡೋವಾಗ ರೊಕ್ಕ ತುಂಬಿಸಿ ಕೊಡ್ತಾರ.