ರಾಕ್ ಟ್ರಿಬ್ಯೂಟ್ ಶೋಗೆ ಹೊರಟವರಿಗೆ ಒಂದು ಮಾತು

ಚಿಕ್ಕಮಗಳೂರಲ್ಲಿ ಟ್ರಿಬ್ಯೂಟ್ ಶೋಗೆ, ಅಂದ್ರೆ ಹೆಸರಾಂತ ರಾಕ್ ಬ್ಯಾಂಡ್‌ಗಳ ಹಾಡನ್ನು ಬೇರೆಯವರು ನುಡಿಸುವ ಬಯಲು ಶೋಗೆ ಹೋಗುತ್ತಿದ್ದೀರಾ? ಮೊದಲು ಮೆಡಿಕಲ್ ಶಾಪಿನಿಂದ ಇಯರ್‌ಪ್ಲಗ್ ತಗೊಳ್ಳಿ. ಸ್ಪಂಜಿನದನ್ನು ಬೆರಳಲ್ಲಿ ಬತ್ತಿಯಂತೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಡಿ. ಅದು ಉಬ್ಬುವವರೆಗೂ ಬೆರಳು ತೆಗೆಯಬೇಡಿ. 100 ಡೆಸಿಬೆಲ್ ಸದ್ದಿಗೆ ಬರಿಗಿವಿಯಲ್ಲಿ 15 ನಿಮಿಷವೇ ಮಿತಿ. ಹೋದ ಸಲ ನಾನು ಸ್ಪೀಕರ್ ಪಕ್ಕದಲ್ಲೇ ನಿಂತಿದ್ದೆ. ಎರಡು ದಿನ ಕಿವಿ ಗುಂಯ್ ಎನ್ನುತ್ತಿತ್ತು.

ಸೌಂಡ್ ಮಿಕ್ಸರ್ ಇಟ್ಟಿರುವ ಜಾಗದ ಹತ್ತಿರ ನಿಲ್ಲಿ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಹಾಡುಗಳ ಗಿಟಾರು, ಕ್ವೀನ್ ಬ್ಯಾಂಡಿನ ಹಾಡುಗಳ ಕೋರಸ್ಸು ಬಿಡಿಬಿಡಿಯಾಗಿ ಕೇಳಿ ಮೈ ಜುಮ್ಮೆನ್ನುತ್ತದೆ! ಬಯಲಲ್ಲಿ ಮೈಕಿಗೆ ಸಾಮಾನ್ಯವಾಗಿ ರಾತ್ರಿ 10ರವರೆಗೆ ಮಾತ್ರ ಅವಕಾಶ. ತಡವಾಗಿ ಹೋದರೆ ಒಳ್ಳೊಳ್ಳೆ ಹಾಡು ತಪ್ಪಿಹೋಗುತ್ತವೆ. ನಮ್ಮೂರು ಸಾವಿರ ಮೀಟರ್ ಎತ್ತರದಲ್ಲಿದೆ ಅಲ್ವಾ, ಸ್ವೆಟರ್ ಕೂಡ ಇರಲಿ.