ವಿಜಯಪುರದ ಬಿಸಿಲಿನಲ್ಲಿ ಸಮುದ್ರದ ಬ್ಯಾಕ್ಟೀರಿಯಾದ ಮಾತು ಹಿಡಿದೆ

ಕಳೆದ ಏಪ್ರಿಲ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ನನ್ನ ಪ್ಲೇಟ್ ಮೇಲೆ ನೇರಳೆ ಬಣ್ಣದ ಉಂಗುರ ಬಂತು. ಹೊರಗೆ 41 ಡಿಗ್ರಿ ಬಿಸಿಲು. ಕಾರವಾರದ ಬಂಡೆಯ ಮೇಲಿನ ಉಲ್ವಾ ಪಾಚಿಯಿಂದ ತೆಗೆದ ಬ್ಯಾಕ್ಟೀರಿಯಾ ಎಎಚ್‌ಎಲ್ ಮಾಡುತ್ತಿದೆ ಎಂದು ಸಿವಿ 026 ಹೇಳಿತು. ಎಎಚ್‌ಎಲ್ ಅಂದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಮಾತಾಡಲು ಬಿಡುವ ರಾಸಾಯನಿಕ. ಸಿವಿ 026 ಅದು ಸಿಕ್ಕಿದರೆ ನೇರಳೆಯಾಗುವ, ಪರೀಕ್ಷೆಗೆ ಬಳಸುವ ಬ್ಯಾಕ್ಟೀರಿಯಾ. ಆ ಉಂಗುರಕ್ಕೆ ಎರಡು ವರ್ಷಕ್ಕೂ ಜಾಸ್ತಿ ಕಾದಿದ್ದೆ.

ಶುರು ಮಾಡಿದಾಗ ಎಲ್ಲರೂ ಬೇಡ ಅಂದರು. ವಿಜಯಪುರದಲ್ಲಿ ಸಮುದ್ರದ ಕೆಲಸ ಯಾಕೆ, ಸುಮ್ನೆ ಜೋಳದ ಬೇರಿನ ಬ್ಯಾಕ್ಟೀರಿಯಾ ನೋಡಿ ಎಂದರು ಒಬ್ಬ ಹಿರಿಯರು. ಇನ್ನೊಬ್ಬರು, ರಾಸಾಯನಿಕಗಳನ್ನು ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರ ಇಲ್ಲದೆ ಇದಕ್ಕೆ ಕೈ ಹಾಕಬಾರದು ಎಂದರು. ನನ್ನ ಹತ್ತಿರ ಇದ್ದದ್ದು ಗಾಳಿ ಸೋಸುವ ಒಂದು ಲ್ಯಾಮಿನಾರ್, ಸ್ಟೆರೈಲ್ ಮಾಡುವ ಒಂದು ಆಟೋಕ್ಲೇವ್, ಕೂಲಿಂಗ್ ಇಲ್ಲದ ಇನ್‌ಕ್ಯುಬೇಟರ್. ಎರಡು ವರ್ಷದಲ್ಲಿ ಒಟ್ಟು 40 ಸಾವಿರದ ಹತ್ತಿರ ಖರ್ಚಾಗಿರಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ಜೇಬಿನದು.

ಮೊದಲ ಮಾದರಿ ಸತ್ತದ್ದು ದಾರಿಯಲ್ಲೇ. ಕಾರವಾರದ ಬಿಣಗಾದ ಬಂಡೆಗಳಿಂದ ಉಲ್ವಾ ತೆಗೆದು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಬಸ್ ಹತ್ತಿದೆ. ಹುಬ್ಬಳ್ಳಿ ಮೇಲಿಂದ ಸುಮಾರು 350 ಕಿಲೋಮೀಟರ್. ಐಸ್ ಕರಗಿ ಸಿಹಿನೀರು ಚೀಲದೊಳಗೆ ಹೋಗಿತ್ತು. ಪಾಚಿ ಕೊಳೆತ ವಾಸನೆ. ಎರಡನೇ ಸಲ ಪಾಚಿಯನ್ನು ಊರಿಗೆ ತರಲೇ ಇಲ್ಲ. ಅಲ್ಲೇ ಲಾಡ್ಜ್ ರೂಮಿನಲ್ಲಿ ಸ್ಟೆರೈಲ್ ಸಮುದ್ರದ ನೀರಿನಲ್ಲಿ ಮೂರು ಸಲ ತೊಳೆದು, ಸ್ವಾಬ್ ಎಳೆದು, ಮರೀನ್ ಅಗರ್ ಪ್ಲೇಟ್‌ಗಳನ್ನೇ ತಂದೆ. 40ರ ಆಸುಪಾಸು ಐಸೊಲೇಟ್, ಅಂದರೆ ಬೇರ್ಪಡಿಸಿದ ಬ್ಯಾಕ್ಟೀರಿಯಾ ತಳಿಗಳು, ಸಿಕ್ಕವು. ಯಾವ ಬಂಡೆ, ನೀರು ಎಷ್ಟು ಇಳಿದಾಗ, ಎಲೆಯ ಯಾವ ಭಾಗ ಎನ್ನುವುದನ್ನು ಪೇಪರ್ ಬರುವ ತನಕ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಆಮೇಲೆ ಒಂದು ವರ್ಷ ಏನೂ ಸಿಗಲಿಲ್ಲ. ಸಿವಿ 026 ಪಕ್ಕದಲ್ಲಿ ಐಸೊಲೇಟ್‌ಗಳ ಗೆರೆ ಎಳೆದೆ. ಮರೀನ್ ಅಗರ್‌ನ ಉಪ್ಪಿಗೆ ಸಿವಿ 026 ಸೊರಗಿತು. ಉಪ್ಪು ಕಡಿಮೆ ಮಾಡಿದರೆ ಐಸೊಲೇಟ್‌ಗಳು ಬೆಳೆಯಲಿಲ್ಲ. ಒಂದು ದಿನ ಒಂದು ಕಾಲೊನಿ ಗಾಢ ನೇರಳೆಯಾಗಿ ಕಂಡಿತು. ಗೆಳೆಯರಿಗೆಲ್ಲ ಫೋನ್ ಮಾಡಿದೆ. ಮರುದಿನ ಸಿವಿ 026 ಇಲ್ಲದ ಪ್ಲೇಟಿನಲ್ಲೂ ಅದು ನೇರಳೆಯೇ. ಸಮುದ್ರದ ಕೆಲವು ಸ್ಯೂಡೊಆಲ್ಟೆರೊಮೊನಾಸ್ ಬ್ಯಾಕ್ಟೀರಿಯಾಗಳು ವಯೊಲೇಸಿನ್ ಎಂಬ ಅದೇ ನೇರಳೆ ಬಣ್ಣವನ್ನು ತಾವೇ ಮಾಡುತ್ತವೆ. ಅದನ್ನು ಮರೆತಿದ್ದೆ. ಆ ವಾರ ತುಂಬಾ ಬೇಜಾರಾಗಿತ್ತು.

ತಪ್ಪು ಗೊತ್ತಾದದ್ದು ಪಿಎಚ್ ಕಾಗದದಿಂದ. ಬೇರೆ ಕೆಲಸಕ್ಕೆ ತೆಗೆದಿದ್ದ ಕಾಗದವನ್ನು ಬ್ಯಾಕ್ಟೀರಿಯಾ ಎರಡು ದಿನ ಬೆಳೆದ ಬ್ರಾತ್‌ನಲ್ಲಿ, ಅಂದರೆ ದ್ರವ ಆಹಾರದಲ್ಲಿ, ಅದ್ದಿದೆ. 7.6ಕ್ಕೆ ಶುರುವಾಗಿದ್ದು 8.5 ದಾಟಿತ್ತು. ಬ್ಯಾಕ್ಟೀರಿಯಾಗಳು ಬ್ರಾತ್‌ನ ಪೆಪ್ಟೋನ್ ತಿಂದು ಅಮೋನಿಯಾ ಬಿಡುತ್ತವಲ್ಲ! ಕ್ಷಾರದಲ್ಲಿ ಎಎಚ್‌ಎಲ್ ಅಣುವಿನ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಳ್ಳುತ್ತದೆ. ಬಿಸಿ ಹೆಚ್ಚಾದರೆ ಇನ್ನೂ ಬೇಗ. ಚಿಕ್ಕ ಕಾರ್ಬನ್ ಸರಪಳಿಯ ಎಎಚ್‌ಎಲ್‌ಗಳು ಮೊದಲು ಹೋಗುತ್ತವೆ, ಸಿವಿ 026ಗೆ ಬೇಕಾದದ್ದೂ ಅವೇ, ಸಿ4ರಿಂದ ಸಿ8, ಅಂದರೆ ನಾಲ್ಕರಿಂದ ಎಂಟು ಕಾರ್ಬನ್. ಅಂದರೆ ಬ್ಯಾಕ್ಟೀರಿಯಾ ಮಾತಾಡುತ್ತಿತ್ತು, ನಾನು ಕಿವಿ ಕೊಡುವಷ್ಟರಲ್ಲಿ ಆ ಮಾತು ಒಡೆದು ಹೋಗುತ್ತಿತ್ತು.

ಪಿಎಚ್ ಏರದಂತೆ ಫಾಸ್ಫೇಟ್ ಬಫರ್ ಹಾಕಿದೆ. ಸಮುದ್ರದ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬ್ರಾತ್ ಹಾಲಿನ ಹಾಗೆ ಬೆಳ್ಳಗಾಯಿತು. ನಾಲ್ಕು ಫ್ಲಾಸ್ಕ್ ಚೆಲ್ಲಿದೆ. ಮಾಪ್ಸ್ ಎಂಬ ಬೇರೆ ಬಫರ್ ತರಿಸಿದೆ, ಅದಕ್ಕೆ ದುಡ್ಡು ಜಾಸ್ತಿ ಆಯಿತು, ಆದರೆ ಪಿಎಚ್ ನಿಂತಿತು. ಕೊನೆಗೆ ಮಾಡಿದ್ದು ಇಷ್ಟು. ಕಲ್ಚರ್ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಿಂದ ಪಿಎಚ್ 2ಕ್ಕೆ ಇಳಿಸಿ ರಾತ್ರಿ ಇಟ್ಟೆ. ಬಿಚ್ಚಿದ ಉಂಗುರ ಆಸಿಡ್‌ನಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಅಸಿಟಿಕ್ ಆಸಿಡ್ ಸೇರಿಸಿದ ಈಥೈಲ್ ಅಸಿಟೇಟ್‌ನಲ್ಲಿ ಎರಡು ಸಲ ಎಳೆದೆ. ಉಪ್ಪು ನೀರಿನಲ್ಲೇ ಉಳಿಯಿತು, ಸಿವಿ 026ರ ಉಪ್ಪಿನ ತೊಂದರೆಯೂ ಅಲ್ಲಿಗೆ ಮುಗಿಯಿತು. ದ್ರಾವಕ ಆರಿಸುವ ರೋಟರಿ ಯಂತ್ರ ನನ್ನಲ್ಲಿಲ್ಲ. ಬೆಂಕಿ, ಕಿಡಿ ಏನೂ ಇಲ್ಲದ ಟೆರೇಸಿನ ನೆರಳಿನಲ್ಲಿ ಅಗಲ ಬಟ್ಟಲಿಗೆ ಸುರಿದಿಟ್ಟೆ. ನಮ್ಮ ಬೇಸಿಗೆಗೆ ಬೇಗನೆ ಆರಿತು. ಖಾಲಿ ಬ್ರಾತ್‌ಗೂ ಇದನ್ನೆಲ್ಲ ಮಾಡಲೇಬೇಕು. ಉಳಿದ ಆಸಿಡ್ ಸಿವಿ 026 ಅನ್ನು ಕೊಂದರೆ ಲೆಕ್ಕ ತಪ್ಪುತ್ತದೆ.

ಇನ್ನು ಬಿಸಿಲು. ರೂಮೇ 38 ಇರುವಾಗ ಇನ್‌ಕ್ಯುಬೇಟರ್ 28ಕ್ಕೆ ಹೇಗೆ ಇಳಿಯಬೇಕು? ಕೂಲಿಂಗ್ ಇರುವುದಕ್ಕೆ ಕೊಟೇಶನ್ ತರಿಸಿದೆ, ಲಕ್ಷದ ಮೇಲೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಉಸುಕು, ಮೇಲೆ ಒದ್ದೆ ಗೋಣಿತಟ್ಟು. ಎಲ್ಲ ಸೇರಿ 600 ರೂಪಾಯಿ. ಒಳಗೆ 27ರಿಂದ 29ರ ನಡುವೆ ನಿಂತಿತು. ಪ್ಲೇಟ್‌ಗಳನ್ನು ಸ್ಟೀಲ್ ಡಬ್ಬಿಯಲ್ಲಿ ತಲೆಕೆಳಗಾಗಿ ಇಡಬೇಕು, ಇಲ್ಲದಿದ್ದರೆ ತೇವ ಇಳಿದು ಕಾಲೊನಿ ಹರಡುತ್ತದೆ. ಜೂನ್‌ನಲ್ಲಿ ಗಾಳಿ ಒದ್ದೆಯಾದರೆ ಇದು ನಡೆಯುವುದಿಲ್ಲ. ಆದರೆ ಬೇಕಾದದ್ದು ಮಾರ್ಚ್‌ನಿಂದ ಮೇ ತನಕ, ಆಗ ಬರೋಬ್ಬರಿ ಕೆಲಸ ಮಾಡುತ್ತದೆ.

ಸಿವಿ 026 ಸರಿಯಾಗಿ ನೇರಳೆಯಾಗುತ್ತದೆಯೇ ಎಂದು ನೋಡುವ ಪಾಸಿಟಿವ್ ಕಂಟ್ರೋಲ್‌ಗೆ ಶುದ್ಧ ಸಿ6 ಎಎಚ್‌ಎಲ್ ಕೊಳ್ಳಲು ಮೊದಲು ದುಡ್ಡಿರಲಿಲ್ಲ. ಆಲಮಟ್ಟಿಯ ಮೀನಿನಿಂದ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ತೆಗೆದೆ. ಅದು ಸಿ4 ಮಾಡುತ್ತದೆ, ಸಿವಿ 026 ಚೆನ್ನಾಗಿ ನೇರಳೆಯಾಯಿತು. ಇದನ್ನು ನೋಡಿ ಈಗ ಇಬ್ಬರು ಗೆಳೆಯರೂ ಹಾಗೇ ಮಾಡುತ್ತಿದ್ದಾರೆ. ಕೈಗವಸು ಮಾತ್ರ ಬಿಡಬೇಡಿ.

ನೇರವಾಗಿ ನೇರಳೆ ಕೊಟ್ಟದ್ದು ಮೂರೇ ಐಸೊಲೇಟ್. ಇಷ್ಟೇನಾ ಅನಿಸಿತು. ಆದರೆ ಪಾಚಿಯ ಮೇಲೆ ರೋಸಿಯೊಬ್ಯಾಕ್ಟರ್ ಗುಂಪಿನ ಬ್ಯಾಕ್ಟೀರಿಯಾ ಜಾಸ್ತಿ, ಅವುಗಳಲ್ಲಿ ಉದ್ದ ಸರಪಳಿಯ ಎಎಚ್‌ಎಲ್‌ಗಳೇ ಹೆಚ್ಚು, ಅಲ್ವಾ? ಅವು ಸಿವಿ 026 ಅನ್ನು ನೇರಳೆ ಮಾಡುವುದಿಲ್ಲ, ಸಿ6 ತಂದ ನೇರಳೆಗೂ ಅಡ್ಡ ಬರುತ್ತವೆ. ಸಾಲ ಮಾಡಿ ಸಿ6 ತರಿಸಿದೆ. ಅಗರ್‌ಗೆ ಅದನ್ನು ಸೇರಿಸಿ, ಪೂರ್ತಿ ನೇರಳೆ ಪ್ಲೇಟಿನ ಮೇಲೆ ಬಿಳಿ ಉಂಗುರ ಹುಡುಕಿದೆ. ಇನ್ನೂ ಐದು ಸಿಕ್ಕವು. ಉಂಗುರ ಮಂಜಾಗಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಾಜಿನಂತೆ ಪಾರದರ್ಶಕ ಇದ್ದರೆ ಸಿವಿ 026 ಸತ್ತಿದೆ, ಅದು ಆಂಟಿಬಯೋಟಿಕ್. ನನಗೆ ಅಂಥವು ನಾಲ್ಕು ಬಂದವು. ಮೇಲ್ಪದರದ ಅಗರ್‌ಗೆ ನಾನು ಸೇರಿಸುವ ಇನ್ನೊಂದು ವಸ್ತು ಇದೆ, ಉಂಗುರದ ಅಂಚು ಕತ್ತರಿಸಿದ ಹಾಗೆ ಕಾಣುತ್ತದೆ. ಅದನ್ನು ಈಗ ಹೇಳುವುದಿಲ್ಲ.

ನಡುವೆ ದಾಳಿಂಬೆ ಸಿಪ್ಪೆಯ ಕಷಾಯವನ್ನೂ ಹಾಕಿ ನೋಡಿದೆ, ನಮ್ಮಲ್ಲಿ ಅದಕ್ಕೇನು ಬರವಿಲ್ಲ. ನೇರಳೆ ಹೋಯಿತು, ಬೆಳವಣಿಗೆ ಅಷ್ಟೇ ಇತ್ತು. ಆಸ್ಟ್ರೇಲಿಯಾದ ಡೆಲಿಸಿಯಾ ಎಂಬ ಕೆಂಪು ಪಾಚಿ ಫ್ಯೂರನೋನ್ ಎಂಬ ರಾಸಾಯನಿಕ ಬಿಟ್ಟು ಬ್ಯಾಕ್ಟೀರಿಯಾದ ಮಾತಿಗೆ ಅಡ್ಡಿ ಮಾಡುತ್ತದಲ್ಲ, ಸಿಪ್ಪೆಯೂ ಅಂಥದ್ದೇ ಏನೋ ಮಾಡುತ್ತಿರಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನಿಂದಲೂ ಬ್ರಾತ್ ಮಾಡಿದೆ, ಲೀಟರಿಗೆ 35 ಗ್ರಾಂ. ಆರು ಐಸೊಲೇಟ್ ಬೆಳೆದವು, ಉಳಿದವು ಬೆಳೆಯಲಿಲ್ಲ.

ನನ್ನ ಮನಸ್ಸು ಇರುವುದು ಬೀಜಕಣದ ಮೇಲೆ. ಎಎಚ್‌ಎಲ್ ಮಾಡುವ ಬ್ಯಾಕ್ಟೀರಿಯಾದ ಪದರ ಸಿಕ್ಕಿದರೆ ಉಲ್ವಾದ ಈಜುವ ಬೀಜಕಣಗಳು ಅಲ್ಲೇ ಕೂರುತ್ತವೆ ಎಂದು 2002ರಲ್ಲೇ ತೋರಿಸಿದ್ದಾರೆ. ಬ್ಯಾಕ್ಟೀರಿಯಾ ತಮ್ಮತಮ್ಮಲ್ಲಿ ಆಡಿದ ಮಾತನ್ನು ಪಾಚಿ ಕದ್ದು ಕೇಳಿ ಮನೆ ಆರಿಸುತ್ತದೆ. ಇದನ್ನು ಕಣ್ಣಾರೆ ನೋಡಬೇಕು ಎಂಬ ಆಸೆಯಿಂದಲೇ ಈ ಕೆಲಸಕ್ಕೆ ಇಳಿದದ್ದು. ಡಿಸೆಂಬರ್‌ನಲ್ಲಿ, ಚಳಿ ಇದ್ದಾಗ, ನನ್ನ ಮೂರನೇ ಐಸೊಲೇಟ್ ಬೆಳೆಸಿದ ಸ್ಲೈಡ್ ಮತ್ತು ಖಾಲಿ ಸ್ಲೈಡ್ ಅಕ್ಕಪಕ್ಕ ಇಟ್ಟೆ. ಮೊದಲನೆಯದರ ಮೇಲೆ ಸುಮಾರು ಎರಡು ಪಟ್ಟು ಬೀಜಕಣ ಕೂತಿದ್ದವು. ಎರಡೇ ಸಲ ಮಾಡಿದ್ದೇನೆ. ಎಎಚ್‌ಎಲ್ ಮಾಡದ ಐಸೊಲೇಟ್‌ನ ಸ್ಲೈಡ್ ಪಕ್ಕದಲ್ಲಿ ಇಡದೆ ಅದನ್ನು ಯಾರ ಮುಂದೂ ಫಲಿತಾಂಶ ಎನ್ನುವುದಿಲ್ಲ. ಈ ನವೆಂಬರ್‌ಗೆ ಬಿಣಗಾಕ್ಕೆ ಹೋಗುವಾಗ ಮೈಕ್ರೋಸ್ಕೋಪನ್ನೂ ಲಾಡ್ಜ್‌ಗೆ ಒಯ್ಯುತ್ತೇನೆ.